ನಿಗಾ ಪುಟ ಹಸಿರಾಗಿದ್ದಾಗಲೇ ಸರ್ವರ್ ಬಿದ್ದರೆ: ಹಾರ್ಡ್‌ವೇರ್ ದೋಷ ವರದಿಯ ದಾರಿಯನ್ನು ಪರೀಕ್ಷಿಸುವ ಕ್ರಮ

ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಒಳಗೆ ಗುಡ್ಡದ ಬದಿಯಲ್ಲಿರುವ ಒಂದು ಸಹಕಾರ ಸಂಘದ ಸರ್ವರನ್ನು ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ತುಲಾ ತಿಂಗಳ ಗುಡುಗು ಮಳೆ ಹಿಡಿದಿದ್ದ ಒಂದು ವಾರ, ಸೋಮವಾರ ಬೆಳಿಗ್ಗೆ ಅಡಿಕೆಯ ತೂಕ ಬರೆಯುತ್ತಿದ್ದ ಹೊತ್ತಿನಲ್ಲೇ ಅದು ತನ್ನಷ್ಟಕ್ಕೆ ಮರುಪ್ರಾರಂಭವಾಯಿತು. ಊಟದ ಹೊತ್ತಿಗೆ ಮುಂಚೆ ಇನ್ನೊಮ್ಮೆ ಹಾಗೆಯೇ ಆಯಿತು. ಸರ್ವರಿನ ಸ್ಥಿತಿಯನ್ನು ತೋರಿಸುವ ನಿಗಾ ಪುಟದಲ್ಲಿ ಎಲ್ಲ ಚೌಕಗಳೂ ಹಸಿರಾಗಿದ್ದವು, ಮಿಂಚಂಚೆ ಬಂದಿರಲಿಲ್ಲ, ಮೊಬೈಲಿಗೆ ಸಂದೇಶವೂ ಇರಲಿಲ್ಲ. ಸಿಡಿಲಿನ ಉಪದ್ರವೇ ಇರಬೇಕು ಎಂದು ಕಚೇರಿಯಲ್ಲಿದ್ದವರೆಲ್ಲ ಮಾತಾಡಿಕೊಂಡರು, ನನಗೂ ಮೊದಲು ಹಾಗೆಯೇ ಅನಿಸಿತು.

ಇಲ್ಲಿ ಇದ್ದದ್ದು ಎರಡು ದೋಷ. ಯಂತ್ರ ಮರುಪ್ರಾರಂಭವಾದದ್ದು ಒಂದು. ಅದನ್ನು ಕಂಡು ಹೇಳಬೇಕಾಗಿದ್ದ ತಂತ್ರಾಂಶದ ಭಾಗಗಳಲ್ಲಿ ಒಂದೂ ಬಾಯಿ ಬಿಡದೆ ಇದ್ದದ್ದು ಇನ್ನೊಂದು. ಸಹಜವಾಗಿ ಎಲ್ಲರ ಗಮನ ಮೊದಲನೆಯದರ ಮೇಲೆ ಹೋಗುತ್ತದೆ, ಆದರೆ ಎರಡನೆಯದನ್ನು ಮೊದಲು ಸರಿಪಡಿಸದಿದ್ದರೆ ಮೊದಲನೆಯದರ ಬಗ್ಗೆ ಆಡುವ ಮಾತೆಲ್ಲ ಊಹೆಯೇ ಆಗಿ ಉಳಿಯುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ದೋಷದ ಸುದ್ದಿ ಹುಟ್ಟುವ ಜಾಗದಿಂದ ಹಿಡಿದು ಅದು ಮನುಷ್ಯನ ಕಣ್ಣಿಗೆ ಬೀಳುವ ಜಾಗದವರೆಗೆ ಒಂದೊಂದೇ ಕೊಂಡಿಯನ್ನು ಮುಟ್ಟಿ ನೋಡುತ್ತ ಹೋಗಿದ್ದೇನೆ.

ಸುದ್ದಿ ಸಾಗುವ ದಾರಿ

ಸರ್ವರಿನ ಮದರ್‌ಬೋರ್ಡಿನಲ್ಲಿ ಬಿಎಂಸಿ ಎಂಬ ಚಿಕ್ಕ ನಿಯಂತ್ರಕವೊಂದು ಇರುತ್ತದೆ. ಅದಕ್ಕೆ ಅದರದೇ ಪ್ರೊಸೆಸರ್ ಮತ್ತು ಮೆಮೊರಿ ಇದ್ದು, ಸರ್ವರ್ ಆಫ್ ಆಗಿದ್ದರೂ ವಿದ್ಯುತ್ ಕೇಬಲ್ ಚುಚ್ಚಿರುವಷ್ಟು ಕಾಲ ಅದು ಎಚ್ಚರವಾಗಿರುತ್ತದೆ. ಉಷ್ಣತೆ, ವೋಲ್ಟೇಜ್, ಫ್ಯಾನಿನ ವೇಗ, ಪವರ್ ಸಪ್ಲೈ ಇವುಗಳ ಸಂವೇದಕಗಳನ್ನು ಓದುತ್ತ, ಮಿತಿ ಮೀರಿದ್ದನ್ನು ಎಸ್‌ಇಎಲ್ ಎಂಬ ತನ್ನ ಘಟನಾ ದಾಖಲೆಯಲ್ಲಿ ಬರೆದಿಡುವುದು ಅದರ ಕೆಲಸ. ಇದರ ಜತೆ ಮಾತಾಡುವ ಪದ್ಧತಿಗೆ ಐಪಿಎಂಐ ಎಂದು ಹೆಸರು. ಇಂಟೆಲ್, ಎಚ್‌ಪಿ, ಡೆಲ್ ಮತ್ತು ಎನ್‌ಇಸಿ ಸೇರಿ 1998ರಲ್ಲಿ ಹೊರತಂದ ಈ ಮಾನಕದ 2.0 ಆವೃತ್ತಿ 2004ರಲ್ಲಿ ಬಂತು. 2015ರಲ್ಲಿ ಡಿಎಂಟಿಎಫ್ ಎಂಬ ಮಾನಕ ಸಂಸ್ಥೆ ಪ್ರಕಟಿಸಿದ ರೆಡ್‌ಫಿಶ್ ಹೊಸ ಯಂತ್ರಗಳಲ್ಲಿ ಅದರ ಜಾಗಕ್ಕೆ ಬರುತ್ತಿದೆಯಾದರೂ, ನಮ್ಮ ಕಡೆಯ ಸಣ್ಣ ಕಚೇರಿಗಳ ಹಳೆಯ ಯಂತ್ರಗಳಲ್ಲಿ ಇನ್ನೂ ಐಪಿಎಂಐಯನ್ನೇ ನಂಬಬೇಕು.

ಲಿನಕ್ಸಿನ ಒಳಗಿನಿಂದ ಬಿಎಂಸಿಯನ್ನು ತಲುಪಲು ಕರ್ನಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ, ಡ್ರೈವರುಗಳು ಬೇಕು. ಅವುಗಳ ಮೇಲೆ ಐಪಿಎಂಐಇವಿಡಿ ಎಂಬ ಹಿನ್ನೆಲೆ ಸೇವೆ ಕುಳಿತು, ಎಸ್‌ಇಎಲ್‌ಗೆ ಸೇರಿದ ಹೊಸ ದಾಖಲೆಗಳನ್ನು ಸಿಸ್‌ಲಾಗ್ ಎಂಬ ಲಿನಕ್ಸಿನ ಸಾಮಾನ್ಯ ದಾಖಲೆಗೆ ದಾಟಿಸುತ್ತದೆ. ಮೆಮೊರಿ ಮತ್ತು ಪ್ರೊಸೆಸರಿನ ದೋಷಗಳಿಗೆ ಇನ್ನೊಂದು ದಾರಿ ಇದೆ. ಅವು ಮಷಿನ್ ಚೆಕ್ ಎಂಬ ಪ್ರೊಸೆಸರಿನ ದೋಷ ಸೂಚನೆಯ ಮೂಲಕ ಕರ್ನಲ್‌ನಲ್ಲಿ ಮೆಮೊರಿ ದೋಷ ಎಣಿಸುವ ಎಡ್ಯಾಕ್ ವಿಭಾಗಕ್ಕೆ, ಅಲ್ಲಿಂದ ರಾಸ್‌ಡೀಮನ್ ಎಂಬ ದಾಖಲಿಸುವ ಸೇವೆಗೆ ಹೋಗುತ್ತವೆ. ಡಿಸ್ಕುಗಳ ಆರೋಗ್ಯವನ್ನು ಸ್ಮಾರ್ಟ್‌ಡಿ ಎಂಬ ಸೇವೆ ನೋಡಿಕೊಳ್ಳುತ್ತದೆ. ಈ ಮೂರೂ ದಾರಿಗಳು ಕೊನೆಗೆ ಮಿಂಚಂಚೆ, ಎಸ್‌ಎಂಎಸ್ ಅಥವಾ ನಿಗಾ ಪುಟ ಎಂಬ ಒಂದೇ ಬಾಗಿಲಲ್ಲಿ ಹೊರಬರುವುದರಿಂದ, ಆ ಬಾಗಿಲು ಕೆಟ್ಟರೆ ಮೂರೂ ಒಟ್ಟಿಗೆ ಮೌನವಾಗುತ್ತವೆ.

ಮೊದಲು ಎಸ್‌ಇಎಲ್

ಪರೀಕ್ಷೆಯನ್ನು ಸರ್ವರಿನ ಒಳಗಿನಿಂದ ಆರಂಭಿಸಬಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಳಗಿನ ಆಪರೇಟಿಂಗ್ ಸಿಸ್ಟಮ್ ಕೂಡ ಸಂಶಯಿತರ ಪಟ್ಟಿಯಲ್ಲಿದೆ. ಲ್ಯಾಪ್‌ಟಾಪಿನಿಂದ ಜಾಲದ ಮೂಲಕ ನೇರವಾಗಿ ಬಿಎಂಸಿಯ ವಿಳಾಸಕ್ಕೆ, ಐಪಿಎಂಐಟೂಲ್ ಎಂಬ ಆಜ್ಞಾ ಸಾಧನದ ಲ್ಯಾನ್‌ಪ್ಲಸ್ ವಿಧಾನದಲ್ಲಿ ಹೋಗುವುದು ಒಳ್ಳೆಯದು. ಇದು ಯುಡಿಪಿಯ 623ನೆಯ ಪೋರ್ಟನ್ನು ಬಳಸುತ್ತದೆ. ಆ ಪೋರ್ಟನ್ನು ಕಚೇರಿಯ ಒಳಜಾಲಕ್ಕೆ ಮಾತ್ರ ತೆರೆದಿಡಬೇಕು. ದೂರದಿಂದ ನೋಡಲು ಅನುಕೂಲ ಎಂದು ಅದನ್ನು ಇಂಟರ್ನೆಟ್ಟಿಗೆ ತೆರೆದಿಟ್ಟವರನ್ನು ಕಂಡಿದ್ದೇನೆ, ಅದು ಮನೆಯ ಬೀಗದ ಕೈಯನ್ನು ಗೇಟಿಗೆ ನೇತುಹಾಕಿದ ಹಾಗೆ.

ಮೊದಲ ಆಜ್ಞೆ ‘ಎಸ್‌ಇಎಲ್ ಇನ್ಫೋ’. ಅನೇಕರು ಇದನ್ನು ಬಿಟ್ಟು ನೇರವಾಗಿ ಪಟ್ಟಿಯನ್ನು ತೆರೆಯುತ್ತಾರೆ, ಅದು ತಪ್ಪು. ಪಟ್ಟಿಯಲ್ಲಿ ಇರುವುದು ಏನು ಎಂಬುದಕ್ಕಿಂತ ಪಟ್ಟಿಗೆ ಸೇರದೆ ಹೋದದ್ದು ಇದೆಯೇ ಎಂಬುದನ್ನು ಈ ಆಜ್ಞೆ ಹೇಳುತ್ತದೆ. ನಮ್ಮ ಯಂತ್ರದಲ್ಲಿ ದಾಖಲೆಗಳು 512 ಎಂದೂ, ಬಳಕೆ ಶೇ. 100 ಎಂದೂ, ‘ಓವರ್‌ಫ್ಲೋ’ ಎಂಬಲ್ಲಿ ‘ಟ್ರೂ’ ಎಂದೂ ಬಂತು. ಕೊನೆಯ ದಾಖಲೆ ಸೇರಿದ್ದು ಜೂನ್ ತಿಂಗಳ ಕೊನೆಯಲ್ಲಿ. ಅಂದರೆ ಅಂದಿನಿಂದ ಈಚೆಗೆ, ಕರ್ಕಾಟಕದ ಮಳೆಯೂ ಸೋಣದ ಬಿಸಿಲೂ ಕಳೆದು ಹೋಗುವಷ್ಟು ಕಾಲ, ಬಿಎಂಸಿ ಏನನ್ನು ಕಂಡಿದ್ದರೂ ಬರೆಯಲು ಅದಕ್ಕೆ ಜಾಗವೇ ಇರಲಿಲ್ಲ.

ತುಂಬಿದ್ದು ಯಾವುದರಿಂದ ಎಂದು ‘ಎಸ್‌ಇಎಲ್ ಇಲಿಸ್ಟ್’ ತೋರಿಸಿತು. ಕೊನೆಯ ಸಾಲಿನ ಕ್ರಮಸಂಖ್ಯೆ 200 ಎಂದಿತ್ತು. ಅದು ಹದಿನಾರರ ಎಣಿಕೆ, ನಮ್ಮ ಲೆಕ್ಕದಲ್ಲಿ 512. ಹಿಂದಕ್ಕೆ ಎಷ್ಟು ಪುಟ ತಿರುವಿದರೂ ಅದೇ ನಾಲ್ಕು ಸಾಲುಗಳ ಆವರ್ತನೆ: ಎರಡನೆಯ ಪವರ್ ಸಪ್ಲೈಗೆ ಎಸಿ ಹೋಯಿತು, ಎರಡರ ಜೋಡಿ ಭದ್ರತೆ (ಒಂದು ಕೈಕೊಟ್ಟರೆ ಇನ್ನೊಂದು ಹೊರೆ ಹೊರುವ ಏರ್ಪಾಡು) ತಪ್ಪಿತು, ಎಸಿ ಮರಳಿ ಬಂತು, ಜೋಡಿ ಭದ್ರತೆ ಮರಳಿತು. ಒಂದು ಸಲ ಕರೆಂಟು ಹೋಗಿ ಬಂದರೆ ನಾಲ್ಕು ದಾಖಲೆ; 512ನ್ನು ನಾಲ್ಕರಿಂದ ಭಾಗಿಸಿದರೆ 128 ಸಲ. ಗಾಳಿಗೆ ತೆಂಗಿನ ಮಡಲೋ ಹಲಸಿನ ಗೆಲ್ಲೋ ತಂತಿಯ ಮೇಲೆ ಬೀಳುವ ನಮ್ಮ ಊರಿನಲ್ಲಿ 128 ಎಂಬುದು ಏನೂ ದೊಡ್ಡ ಸಂಖ್ಯೆಯಲ್ಲ.

ಸರ್ವರಿನ ಹಿಂದೆ ಹೋಗಿ ಕೇಬಲನ್ನು ಬೆರಳಿನಲ್ಲಿ ಹಿಡಿದುಕೊಂಡೇ ಹಿಂಬಾಲಿಸಿದೆ. ಮೊದಲನೆಯ ಪವರ್ ಸಪ್ಲೈ ಯುಪಿಎಸ್‌ಗೆ ಹೋಗಿತ್ತು. ಎರಡನೆಯದರ ಕೇಬಲ್ ಅಲಮಾರಿಯ ಕೆಳಗಿನಿಂದ ತೂರಿ, ಗೋಡೆಯ ಸಾಮಾನ್ಯ ಪ್ಲಗ್ಗಿಗೆ ಸೇರಿತ್ತು. ಅದರ ಮೇಲೆ ಕನ್ನಡದಲ್ಲಿಯೂ ಮಲೆಯಾಳದಲ್ಲಿಯೂ ‘ಆಫ್ ಮಾಡಬಾರದು’ ಎಂದು ಬರೆದ ಚೀಟಿ ಅಂಟಿಸಲಾಗಿತ್ತು. ಚೀಟಿಯ ಮಾತನ್ನು ಎಲ್ಲರೂ ಪಾಲಿಸಿದ್ದರು. ಮೊದಲನೆಯ ಸಪ್ಲೈ ಹೊರೆಯನ್ನು ಹೊತ್ತುಕೊಂಡದ್ದರಿಂದ ಸರ್ವರ್ ಒಮ್ಮೆಯೂ ಕರೆಂಟಿನ ಕಾರಣಕ್ಕೆ ಆರಿರಲಿಲ್ಲ, ಹಾಗಾಗಿ ಆ ಕೇಬಲಿನ ಕಡೆಗೆ ಯಾರೂ ನೋಡಿರಲೂ ಇಲ್ಲ.

ಎಸ್‌ಇಎಲ್‌ನ ಒಂದು ದಾಖಲೆ 16 ಬೈಟುಗಳದು. 512 ದಾಖಲೆ ಎಂದರೆ ಬರೇ 8 ಕಿಲೋಬೈಟು. ಈ ಗಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ. ಕೆಲವು ತಯಾರಕರ ಬಿಎಂಸಿಗಳು ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದೂ ಉಂಟು. ಅಲ್ಲಿ ಬೇಡದ ದಾಖಲೆಗಳ ಪ್ರವಾಹದಲ್ಲಿ ಬೇಕಾದದ್ದು ಕೊಚ್ಚಿಹೋಗುವ ಅಪಾಯವಿದೆ. ಯಾವ ರೀತಿಯದೇ ಆಗಲಿ, ಅಳಿಸುವ ಮೊದಲು ಇಡೀ ದಾಖಲೆಯನ್ನು ಒಂದು ಕಡತಕ್ಕೆ ಉಳಿಸಿಕೊಳ್ಳಬೇಕು, ಏಕೆಂದರೆ ‘ಎಸ್‌ಇಎಲ್ ಕ್ಲಿಯರ್’ ಆದ ಮೇಲೆ ಹಿಂದಿರುಗುವ ದಾರಿ ಇಲ್ಲ.

ಗಡಿಯಾರದ ತಕರಾರು

ಅಳಿಸುವ ಮುನ್ನ ‘ಎಸ್‌ಇಎಲ್ ಟೈಮ್ ಗೆಟ್’ ಎಂದು ಕೇಳಿ ಬಿಎಂಸಿಯ ಗಡಿಯಾರವನ್ನೂ ನೋಡಬೇಕು. ಅದು ಆಪರೇಟಿಂಗ್ ಸಿಸ್ಟಮ್‌ನ ಗಡಿಯಾರಕ್ಕಿಂತ ಬೇರೆಯದು. ಎರಡರ ನಡುವೆ ಸರಿಯಾಗಿ ಐದೂವರೆ ಗಂಟೆಯ ಅಂತರ ಕಂಡರೆ ಒಂದು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿಯೂ ಇನ್ನೊಂದು ಭಾರತೀಯ ಕಾಲಮಾನದಲ್ಲಿಯೂ ಇದೆ ಎಂದು ತಿಳಿದುಕೊಂಡು ಸಮಾಧಾನಪಡಬಹುದು. ಅಂತರ ನಲವತ್ತು ನಿಮಿಷ, ಮೂರು ದಿನ ಎಂದು ಅಡ್ಡಾದಿಡ್ಡಿಯಾಗಿದ್ದರೆ ಗಡಿಯಾರ ಜಾರಿದೆ. ದಿನಾಂಕದ ಜಾಗದಲ್ಲಿ ‘ಪ್ರೀ ಇನಿಟ್’ ಎಂದಿದ್ದರೆ ಬಿಎಂಸಿಗೆ ಆ ಕ್ಷಣದಲ್ಲಿ ಸಮಯವೇ ಗೊತ್ತಿರಲಿಲ್ಲ ಎಂದರ್ಥ. ಕೇಬಲ್ ಪೂರ್ತಿ ಕಳಚಿದ ಬಳಿಕ ಹೀಗಾದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನೂ ಸಂಶಯಿಸಬೇಕು. ನಮ್ಮಲ್ಲಿ ಹದಿನೇಳು ನಿಮಿಷದ ವ್ಯತ್ಯಾಸವಿತ್ತು. ಅದನ್ನು ಬರೆದಿಟ್ಟುಕೊಂಡು, ಬಳಿಕ ‘ಟೈಮ್ ಸೆಟ್ ನೌ’ ಕೊಟ್ಟು ಸರಿಪಡಿಸಿದೆ. ಮೊದಲೇ ಸರಿಪಡಿಸಿ ಆಮೇಲೆ ಹಳೆಯ ಲಾಗುಗಳನ್ನು ಹೋಲಿಸಲು ಕುಳಿತರೆ ಯಾವ ಘಟನೆ ಯಾವುದಕ್ಕೆ ಮುಂಚೆ ಎಂಬುದೇ ಗೋಜಲಾಗುತ್ತದೆ.

ಡ್ರೈವರ್ ಮತ್ತು ಸೇವೆ

ಈಗ ಸರ್ವರಿನ ಒಳಕ್ಕೆ ಬರಬಹುದು. ಅಲ್ಲಿ ಅದೇ ಐಪಿಎಂಐಟೂಲ್ ಆಜ್ಞೆಯನ್ನು ಸ್ಥಳೀಯವಾಗಿ ಕೊಟ್ಟಾಗ ಸಾಧನ ಕಡತವನ್ನು ತೆರೆಯಲಾಗಲಿಲ್ಲ ಎಂಬ ದೂರು ಬಂತು. ಮೇ ತಿಂಗಳಲ್ಲಿ ಆಪರೇಟಿಂಗ್ ಸಿಸ್ಟಮನ್ನು ಹೊಸ ಆವೃತ್ತಿಗೆ ಏರಿಸಿದ್ದೆವು, ಅಂದಿನಿಂದ ‘ಐಪಿಎಂಐ ಡೆವ್‌ಇಂಟ್‌ಎಫ್’ ಎಂಬ ಮಾಡ್ಯೂಲ್ ಲೋಡ್ ಆಗಿರಲೇ ಇಲ್ಲ. ಯಂತ್ರಾಂಶದೊಡನೆ ಮಾತಾಡುವ ‘ಐಪಿಎಂಐ ಎಸ್‌ಐ’ ಮಾಡ್ಯೂಲ್ ಇದ್ದರೂ, ಬಳಕೆದಾರರ ಕಡೆಗೆ ಬಾಗಿಲು ತೆರೆಯುವ ಈ ಇನ್ನೊಂದು ಇಲ್ಲದಿದ್ದರೆ ಐಪಿಎಂಐ0 ಎಂಬ ಸಾಧನ ಕಡತ ಹುಟ್ಟುವುದಿಲ್ಲ. ಅದಿಲ್ಲದೆ ಐಪಿಎಂಐಇವಿಡಿ ಏಳುವುದಿಲ್ಲ. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಅದನ್ನು ‘ಫೇಲ್ಡ್’ ಎಂದು ಐದು ತಿಂಗಳಿನಿಂದ ತೋರಿಸುತ್ತಲೇ ಇತ್ತು.

ಹಾಗಾದರೆ ನಿಗಾ ಪುಟ ಹಸಿರಾಗಿದ್ದದ್ದು ಹೇಗೆ? ಇದು ನಾನೇ ಬರೆದ ಸ್ಕ್ರಿಪ್ಟಿನ ಮರ್ಯಾದೆಯ ಪ್ರಶ್ನೆ, ಆದರೂ ಹೇಳಬೇಕು. ಸಂವೇದಕಗಳ ಪಟ್ಟಿಯಲ್ಲಿ ‘ಕ್ರಿಟಿಕಲ್’ ಎಂಬ ಪದವಿರುವ ಸಾಲುಗಳನ್ನು ಅದು ಎಣಿಸುತ್ತಿತ್ತು. ಸೊನ್ನೆ ಬಂದರೆ ಹಸಿರು. ಆಜ್ಞೆಯೇ ವಿಫಲವಾದಾಗ ಪಟ್ಟಿ ಖಾಲಿ, ಖಾಲಿ ಪಟ್ಟಿಯಲ್ಲಿ ಆ ಪದ ಸೊನ್ನೆ ಸಲ ಇರುತ್ತದೆ. ಈಗ ಆಜ್ಞೆ ಯಶಸ್ವಿಯಾಯಿತೇ ಎಂದು ಹೇಳುವ ನಿರ್ಗಮನ ಸಂಕೇತವನ್ನೂ, ಓದಿದ ಸಂವೇದಕಗಳ ಒಟ್ಟು ಸಂಖ್ಯೆಯನ್ನೂ ಪರೀಕ್ಷಿಸುವಂತೆ ತಿದ್ದಿದ್ದೇನೆ: ಈ ಯಂತ್ರದಲ್ಲಿ 34 ಸಂವೇದಕಗಳಿವೆ, ಅದಕ್ಕಿಂತ ಕಡಿಮೆ ಬಂದರೆ ಬಣ್ಣ ಹಳದಿಯಾಗುತ್ತದೆ. ಬೇರೆಯವರ ಸಿದ್ಧ ಸ್ಕ್ರಿಪ್ಟನ್ನು ಬಳಸುವವರೂ ಈ ಒಂದು ಅಂಶವನ್ನು ತೆರೆದು ನೋಡಿಕೊಳ್ಳಬೇಕು.

ಮಾಡ್ಯೂಲ್ ಲೋಡ್ ಆದರೂ ಬಿಎಂಸಿ ಉತ್ತರಿಸದಿದ್ದರೆ ಅದೇ ಸ್ತಬ್ಧವಾಗಿರಬಹುದು. ‘ಎಂಸಿ ರೀಸೆಟ್ ಕೋಲ್ಡ್’ ಎಂಬ ಆಜ್ಞೆ ಬಿಎಂಸಿಯನ್ನು ಮಾತ್ರ ಮರುಪ್ರಾರಂಭಿಸುತ್ತದೆ. ಆ ಒಂದೆರಡು ನಿಮಿಷ ಫ್ಯಾನುಗಳು ಬೊಬ್ಬೆ ಹಾಕಿದರೆ ಗಾಬರಿಯಾಗಬೇಕಾಗಿಲ್ಲ. ಅದಕ್ಕೂ ಜಗ್ಗದಿದ್ದರೆ ಸರ್ವರನ್ನು ಕ್ರಮವಾಗಿ ಆರಿಸಿ, ಎರಡೂ ಕೇಬಲುಗಳನ್ನು ಕಳಚಿ, ಸ್ವಲ್ಪ ಹೊತ್ತು ಕಾದು ಮತ್ತೆ ಚುಚ್ಚಬೇಕು. ಒಂದನ್ನೇ ಕಳಚಿದರೆ ಬಿಎಂಸಿಗೆ ಇನ್ನೊಂದರಿಂದ ಜೀವ ಬರುತ್ತಲೇ ಇರುತ್ತದೆ.

ಮೆಮೊರಿಯ ದಾರಿ

ನಮ್ಮ ಮರುಪ್ರಾರಂಭದ ಕಾರಣ ಸಿಕ್ಕಿದ್ದು ಇಲ್ಲಿ. ಸರ್ವರ್ ಮೆಮೊರಿಯಲ್ಲಿ ಪ್ರತಿ 64 ಬಿಟ್ ದತ್ತಾಂಶಕ್ಕೆ 8 ಬಿಟ್ ಕಾವಲು ಇರುವುದು ವಾಡಿಕೆ. ಒಂದು ಬಿಟ್ ತಪ್ಪಿದರೆ ಅದು ತಿದ್ದಿಕೊಳ್ಳುತ್ತದೆ, ಎರಡು ಬಿಟ್ ತಪ್ಪಿದರೆ ತಪ್ಪಾಗಿದೆ ಎಂದು ಮಾತ್ರ ಹೇಳಬಲ್ಲುದು, ಆಗ ಯಂತ್ರ ನಿಲ್ಲಲೇಬೇಕಾಗಬಹುದು. ತಿದ್ದಿಕೊಂಡ ತಪ್ಪುಗಳ ಎಣಿಕೆ ಏರುವುದು ಮುನ್ಸೂಚನೆ. ಆ ಎಣಿಕೆ ಎಡ್ಯಾಕ್ ವಿಭಾಗದ ‘ಸಿಇ ಕೌಂಟ್’ ಕಡತದಲ್ಲಿಯೂ, ತಿದ್ದಲಾಗದವುಗಳ ಎಣಿಕೆ ‘ಯುಇ ಕೌಂಟ್’ ಕಡತದಲ್ಲಿಯೂ ಸಿಗುತ್ತದೆ.

ನಾನು ನೋಡಿದಾಗ ಎರಡೂ ಸೊನ್ನೆಯಾಗಿದ್ದವು. ಇಲ್ಲಿ ಮೋಸಹೋಗುವುದು ಸುಲಭ, ಏಕೆಂದರೆ ಈ ಎಣಿಕೆಗಳು ಪ್ರತಿ ಮರುಪ್ರಾರಂಭದಲ್ಲಿಯೂ ಮೊದಲಿನಿಂದ ಆರಂಭವಾಗುತ್ತವೆ. ಬಿದ್ದು ಎದ್ದ ಯಂತ್ರವನ್ನು ಆಗಷ್ಟೇ ವಿಚಾರಿಸಿದರೆ ತನಗೇನೂ ಆಗಿಲ್ಲವೆಂದೇ ಅದು ಹೇಳುತ್ತದೆ. ಎಣಿಕೆಯನ್ನು ಡಿಸ್ಕಿನ ದತ್ತಸಂಚಯದಲ್ಲಿ ಉಳಿಸುವ ಕೆಲಸ ರಾಸ್‌ಡೀಮನ್‌ನದು, ಅದು ನಮ್ಮಲ್ಲಿ ಇರಲೇ ಇಲ್ಲ. ಹಳೆಯ ವ್ಯವಸ್ಥೆಯಲ್ಲಿ ಎಂಸಿಇಲಾಗ್ ಆ ಕೆಲಸ ಮಾಡುತ್ತಿತ್ತು. ಲಿನಕ್ಸ್ ಕರ್ನಲ್ 4.12ರಿಂದ ಅದಕ್ಕೆ ಬೇಕಾದ ಸಾಧನ ಕಡತವನ್ನು ಹಳೆಯ ಐಚ್ಛಿಕ ಸೌಲಭ್ಯವಾಗಿ ಬದಿಗಿಟ್ಟಿರುವುದರಿಂದ, ಹೊಸ ಆವೃತ್ತಿಗೆ ಏರಿದಾಗ ಅದು ಸದ್ದಿಲ್ಲದೆ ಉಳಿದುಹೋಗಬಹುದು. ನಮ್ಮಲ್ಲಿ ಆದದ್ದೂ ಅದೇ.

ರಾಸ್‌ಡೀಮನ್ ಹಾಕಿ, ಕರ್ನಲ್ ಬಿದ್ದ ಹೊತ್ತಿನ ಕೊನೆಯ ಮಾತುಗಳನ್ನು ಉಳಿಸುವ ಪಿಸ್ಟೋರ್ ಕಡತಕೋಶವನ್ನು ತೆರೆದಾಗ, ಬೆಳಗಿನ ಮತ್ತು ಮಧ್ಯಾಹ್ನದ ಎರಡೂ ಘಟನೆಗಳ ತುಣುಕುಗಳು ಅಲ್ಲಿದ್ದವು. ಎರಡರಲ್ಲಿಯೂ ‘ಹಾರ್ಡ್‌ವೇರ್ ಎರರ್’ ಎಂಬ ಸಾಲಿತ್ತು, ಎರಡೂ ಒಂದೇ ಮೆಮೊರಿ ನಿಯಂತ್ರಕದ ಒಂದೇ ಚಾನೆಲನ್ನು ತೋರಿಸುತ್ತಿದ್ದವು. ಸಂಜೆಯೊಳಗೆ ಅದೇ ಚಾನೆಲಿನ ಸಿಇ ಕೌಂಟ್ ಸೊನ್ನೆಯಿಂದ 61ಕ್ಕೆ ಏರಿತು, ಉಳಿದವು ಕದಲಲಿಲ್ಲ. ಕೆಲವು ಯಂತ್ರಗಳಲ್ಲಿ ಮೆಮೊರಿಯ ತಪ್ಪುಗಳನ್ನು ಮೊದಲು ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್ ತಾನೇ ತೆಗೆದುಕೊಂಡು ಎಸ್‌ಇಎಲ್‌ಗೆ ಬರೆಯುತ್ತದೆ, ಕರ್ನಲ್‌ಗೆ ತಲುಪಿಸಿದರೆ ತಲುಪಿಸಿತು ಇಲ್ಲವಾದರೆ ಇಲ್ಲ. ಅಂಥಲ್ಲಿ ಎಡ್ಯಾಕ್‌ನ ಸೊನ್ನೆಯನ್ನು ನಂಬದೆ ಎಸ್‌ಇಎಲ್‌ನ ಜತೆ ಹೋಲಿಸಬೇಕು.

ಡಿಸ್ಕಿನ ವಿಷಯದಲ್ಲಿ ಒಂದೇ ಮಾತು. ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೇಡ್ ಕಾರ್ಡಿನ ಹಿಂದಿರುವ ಡಿಸ್ಕುಗಳನ್ನು ಸ್ಮಾರ್ಟ್‌ಡಿ ತಾನಾಗಿ ಹುಡುಕಿಕೊಳ್ಳುತ್ತದೆ ಎಂದು ಭಾವಿಸಬಾರದು, ಕಾರ್ಡಿನ ಬಗೆಯನ್ನೂ ಡಿಸ್ಕಿನ ಸಂಖ್ಯೆಯನ್ನೂ ಸಂರಚನೆಯಲ್ಲಿ ಒಂದೊಂದಾಗಿ ಹೇಳಬೇಕು. ಸಾಟಾ ಡಿಸ್ಕುಗಳಲ್ಲಿ ಸಾಮಾನ್ಯವಾಗಿ 5, 197 ಮತ್ತು 198ನೆಯ ಗುಣಾಂಶಗಳು (ಡಿಸ್ಕು ತಾನೇ ಇಡುವ ಆರೋಗ್ಯದ ಎಣಿಕೆಗಳು) ಏರುತ್ತಿದ್ದರೆ ಡಿಸ್ಕು ಸವೆಯುತ್ತಿದೆ. 199 ಮಾತ್ರ ಏರುತ್ತಿದ್ದರೆ ಮೊದಲು ಕೇಬಲನ್ನು ಬದಲಾಯಿಸಿ ನೋಡಬೇಕು.

ಸುದ್ದಿ ಮನುಷ್ಯನಿಗೆ ಮುಟ್ಟುವಲ್ಲಿ

ಸ್ಮಾರ್ಟ್‌ಡಿ ನಮ್ಮಲ್ಲಿ ಸರಿಯಾಗಿಯೇ ಓಡುತ್ತಿತ್ತು, ಮಿಂಚಂಚೆಯನ್ನೂ ಕಳಿಸುತ್ತಿತ್ತು. ಆದರೆ ಕಳಿಸುತ್ತಿದ್ದದ್ದು ಅದೇ ಯಂತ್ರದ ರೂಟ್ ಬಳಕೆದಾರನ ಪೆಟ್ಟಿಗೆಗೆ. ತೆರೆದಾಗ ಅಲ್ಲಿ ಸಾವಿರಕ್ಕೂ ಮಿಕ್ಕಿದ ಪತ್ರಗಳಿದ್ದವು, ಹೆಚ್ಚಿನವು ನಿಗದಿತ ಹೊತ್ತಿಗೆ ತಾವಾಗಿ ಓಡುವ ಕ್ರಾನ್ ಕೆಲಸಗಳ ವರದಿ. ಹೊರಗಿನ ಅಂಚೆ ಸೇವೆಗೆ ದೃಢೀಕರಣದೊಂದಿಗೆ ದಾಟಿಸುವ ವ್ಯವಸ್ಥೆ ಮಾಡಿ, ಕಳಿಸುವವರ ವಿಳಾಸವನ್ನು ‘ರೂಟ್ ಅಟ್ ಲೋಕಲ್‌ಹೋಸ್ಟ್’ ಎಂಬುದರಿಂದ ಸಂಘದ ನಿಜವಾದ ವಿಳಾಸಕ್ಕೆ ಬದಲಾಯಿಸಿದ ಮೇಲೆ ಪತ್ರಗಳು ಹೊರಬಂದವು.

ಎಸ್‌ಎಂಎಸ್‌ನ ಕಥೆ ಬೇರೆ. ಭಾರತದಲ್ಲಿ ಸಂಸ್ಥೆಗಳು ಕಳಿಸುವ ಸಂದೇಶದ ಶಿರೋನಾಮವನ್ನೂ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು, ನೋಂದಾಯಿತ ಮಾದರಿಗೆ ಹೊಂದದ ಸಂದೇಶವನ್ನು ದೂರವಾಣಿ ಕಂಪನಿಗಳು ತಡೆಯುತ್ತವೆ. ನಮ್ಮ ಸ್ಕ್ರಿಪ್ಟಿನಲ್ಲಿ ಯಾರೋ ‘ಎಚ್ಚರಿಕೆ’ ಎಂಬ ಪದದ ಬಳಿಕ ಒಂದು ವಿವರಣ ಚಿಹ್ನೆಯನ್ನು ಸೇರಿಸಿದ್ದರು. ಅಷ್ಟಕ್ಕೇ ಸಂದೇಶ ನಿಂತುಹೋಗಿತ್ತು. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ನೆನಪಿಡಬೇಕು: ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಯೂನಿಕೋಡಿನಲ್ಲಿ 70 ಮಾತ್ರ, ಅದರಲ್ಲಿ ಒತ್ತು ಮತ್ತು ಗುಣಿತ ಚಿಹ್ನೆಗಳಿಗೂ ಬೇರೆ ಬೇರೆ ಲೆಕ್ಕ. ‘ಎಚ್ಚರಿಕೆ’ ಎಂಬ ನಾಲ್ಕು ಅಕ್ಷರದ ಪದವೇ ಎಂಟು ಜಾಗಗಳನ್ನು ತೆಗೆದುಕೊಳ್ಳುತ್ತದೆ. ಹಾಗೆಂದು ಇಂಗ್ಲಿಷಿಗೆ ಹೋಗಬೇಕಾಗಿಲ್ಲ, ವಾಕ್ಯವನ್ನು ಗಿಡ್ಡಗೊಳಿಸಿದರೆ ಸಾಕು. ರಾತ್ರಿ ಕಾವಲಿಗಿರುವವರು ಓದಿ ಅರ್ಥಮಾಡಿಕೊಳ್ಳುವುದು ಕನ್ನಡದ ಸಂದೇಶವನ್ನೇ.

ಸುಳ್ಳು ಘಟನೆಯಿಂದ ಪರೀಕ್ಷೆ

ಪ್ರತಿ ಕೊಂಡಿಯನ್ನು ಸರಿಪಡಿಸಿದ ಮೇಲೆ ಇಡೀ ದಾರಿಯನ್ನು ಒಮ್ಮೆಗೇ ಪರೀಕ್ಷಿಸಬೇಕು. ಐಪಿಎಂಐಟೂಲ್‌ನಲ್ಲಿ ‘ಇವೆಂಟ್’ ಎಂಬ ಆಜ್ಞೆಗೆ ಮೂರು ಸಿದ್ಧ ಮಾದರಿಗಳಿವೆ: 1 ಕೊಟ್ಟರೆ ಉಷ್ಣತೆ ಏರಿದ ಘಟನೆ, 2 ಕೊಟ್ಟರೆ ವೋಲ್ಟೇಜ್ ಇಳಿದ ಘಟನೆ, 3 ಕೊಟ್ಟರೆ ತಿದ್ದಿಕೊಂಡ ಮೆಮೊರಿ ದೋಷ. ನಾನು ಮೂರನೆಯದನ್ನೇ ಬಳಸುತ್ತೇನೆ, ಏಕೆಂದರೆ ಉಷ್ಣತೆ ಏರಿದರೆ ಯಂತ್ರವನ್ನು ಆರಿಸಬೇಕು ಎಂಬ ನಿಯಮವನ್ನು ಬಿಎಂಸಿಯಲ್ಲಿ ಯಾರಾದರೂ ಹಾಕಿಟ್ಟಿದ್ದರೆ ಮೊದಲನೆಯದು ನಿಜವಾಗಿಯೂ ಆರಿಸಿಬಿಡಬಹುದು. ಆಜ್ಞೆ ಕೊಟ್ಟ ಹೊತ್ತು, ಸಿಸ್‌ಲಾಗ್‌ನಲ್ಲಿ ಸಾಲು ಕಂಡ ಹೊತ್ತು, ಮೊಬೈಲ್ ಮಿಡಿದ ಹೊತ್ತು ಈ ಮೂರನ್ನು ಬರೆದಿಟ್ಟುಕೊಂಡರೆ ತಡವಾದದ್ದು ಎಲ್ಲಿ ಎಂಬುದೂ ತಿಳಿಯುತ್ತದೆ. ಆದರೆ ಈ ಸುಳ್ಳು ಘಟನೆ ಎಸ್‌ಇಎಲ್‌ನ ದಾರಿಯನ್ನು ಮಾತ್ರ ಪರೀಕ್ಷಿಸುತ್ತದೆ, ಎಡ್ಯಾಕ್ ಮತ್ತು ರಾಸ್‌ಡೀಮನ್‌ಗೆ ಇದರ ಸುದ್ದಿಯೇ ಹೋಗುವುದಿಲ್ಲ. ಸ್ಮಾರ್ಟ್‌ಡಿಗೆ ಅದರದೇ ಪರೀಕ್ಷಾ ಪತ್ರ ಕಳಿಸುವ ಸೂಚನೆ ಸಂರಚನೆಯಲ್ಲಿ ಇದೆ.

ಕೊನೆಗೆ ದುರಸ್ತಿ

ದೋಷ ತೋರಿಸಿದ ಮೆಮೊರಿ ಪಟ್ಟಿಯನ್ನು, ಅಂದರೆ ಸ್ಲಾಟಿನಲ್ಲಿ ಕೂರುವ ಚಿಪ್ಪುಗಳ ಚಿಕ್ಕ ಹಲಗೆಯನ್ನು, ಕೂಡಲೇ ಬದಲಾಯಿಸುವ ಮುನ್ನ ಅದನ್ನು ಇನ್ನೊಂದು ಚಾನೆಲಿನ ಸ್ಲಾಟಿಗೆ ವರ್ಗಾಯಿಸಿ ನೋಡಬೇಕು; ತಪ್ಪು ಪಟ್ಟಿಯ ಜತೆ ಹೋದರೆ ಪಟ್ಟಿ ಕೆಟ್ಟಿದೆ, ಹಳೆಯ ಸ್ಲಾಟಿನಲ್ಲೇ ಉಳಿದರೆ ಸ್ಲಾಟ್ ಕೆಟ್ಟಿದೆ ಅಥವಾ ಕೊಳೆಯಾಗಿದೆ. ಮುಚ್ಚಳ ತೆಗೆದಾಗ ಫ್ಯಾನಿನ ಜಾಲರಿಯಲ್ಲಿ ಅಡಿಕೆ ಚೀಲಗಳ ಕಂದು ದೂಳು ಕಂಬಳಿಯಂತೆ ಹರಡಿತ್ತು, ಖಾಲಿ ಡಿಸ್ಕ್ ಗೂಡಿನ ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಎರಡು ಸಿಪ್ಪೆಗಳಿದ್ದವು. ದೂಳು ತೆಗೆದು, ಪಟ್ಟಿಯನ್ನು ಬೇರೆ ಚಾನೆಲಿಗೆ ಹಾಕಿ ರಾತ್ರಿಯಿಡೀ ಓಡಿಸಿದಾಗ ಎಣಿಕೆ ಅದರ ಹಿಂದೆಯೇ ಹೋಗಿತ್ತು. ಹೊಸ ಪಟ್ಟಿ ಬರಲು ಆರು ದಿನ ಹಿಡಿಯಿತು. ಅಷ್ಟೂ ದಿನ ಕೆಟ್ಟ ಪಟ್ಟಿಯನ್ನೂ ಅದರ ಜೋಡಿ ಪಟ್ಟಿಯನ್ನೂ ಕಳಚಿಟ್ಟು ಉಳಿದ ಮೆಮೊರಿಯಲ್ಲಿ ಕೆಲಸ ನಡೆಸಿದೆವು. ಸಿಡಿಲಿಗೂ ಇದಕ್ಕೂ ಸಂಬಂಧ ಕಲ್ಪಿಸಲು ನನಗೆ ಯಾವ ಆಧಾರವೂ ಸಿಗಲಿಲ್ಲ.

ಎರಡನೆಯ ಪವರ್ ಸಪ್ಲೈಯ ಕೇಬಲನ್ನು ಅದೇ ಯುಪಿಎಸ್‌ಗೆ ಚುಚ್ಚುವುದು ಸುಲಭವಾಗಿತ್ತು, ಆದರೆ ಆಗ ಒಂದು ಯುಪಿಎಸ್ ಕೆಟ್ಟರೆ ಎರಡೂ ಸಪ್ಲೈಗಳು ಒಟ್ಟಿಗೆ ಆರುತ್ತವೆ. ಆದ್ದರಿಂದ ಸಣ್ಣದೊಂದು ಪ್ರತ್ಯೇಕ ಯುಪಿಎಸ್ ಇಟ್ಟೆವು. ಎಸ್‌ಇಎಲ್ ಶೇ. 70 ತುಂಬಿದರೆ ಅದೇ ಒಂದು ಎಚ್ಚರಿಕೆಯಾಗಿ ಬರುವಂತೆ ಸ್ಕ್ರಿಪ್ಟಿಗೆ ಸೇರಿಸಿದ್ದೇನೆ, ಪ್ರತಿ ತಿಂಗಳ ಮೊದಲ ಕೆಲಸದ ದಿನ ಸಂಜೆ ಸುಳ್ಳು ಘಟನೆಯೊಂದನ್ನು ಕಳಿಸುತ್ತೇನೆ. ಇದನ್ನು ಬರೆಯುವ ಹೊತ್ತಿಗೆ ದಾಖಲೆಯಲ್ಲಿ 11 ಸಾಲುಗಳಿವೆ: ಅಳಿಸಿದ್ದರ ಗುರುತು ಒಂದು, ಕೇಬಲನ್ನು ಸ್ಥಳಾಂತರಿಸಿದಾಗಿನ ನಾಲ್ಕು, ಮುಚ್ಚಳ ತೆರೆದು ಮುಚ್ಚಿದ್ದು ಎರಡು, ಉಳಿದ ನಾಲ್ಕು ನಾನೇ ಕಳಿಸಿದವು.